ಹೇಳದೆ ಬಿಟ್ಟ ಕಟ್ಟಳೆ

ನಮ್ಮೂರಿನಲ್ಲಿ ಕಟ್ಟಳೆ ಕಾಗದದ ಮೇಲೆ ನಿಲ್ಲುವುದಿಲ್ಲ. ಕಿರಾಣಿ ಚೀಟಿ ನಿಲ್ಲುತ್ತದೆ, ಲಗ್ನಪತ್ರಿಕೆ ನಿಲ್ಲುತ್ತದೆ, ಶಾಲೆಯ ಮಕ್ಕಳು ಗೀಚಿದ ಮಗ್ಗಿಯೂ ನಿಲ್ಲುತ್ತದೆ. ಕಟ್ಟಳೆಯನ್ನು ಬರೆದಿಟ್ಟರೆ ಮಾತ್ರ ಮರುದಿನ ಬೆಳಿಗ್ಗೆ ಹಾಳೆ ಬೆಳ್ಳಗಿರುತ್ತದೆ. ನನ್ನ ಮುತ್ತಜ್ಜನ ಕಾಲದಲ್ಲಿ ಯಾರೋ ಕಲ್ಲಿನಲ್ಲಿ ಕೆತ್ತಿಸಿ ನೋಡಿದ್ದರಂತೆ. ವಾರದೊಳಗೆ ಕಲ್ಲು ನುಣ್ಣಗಾಯಿತು. ಈಗ ಅದರ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಾರೆ. ಹಾಗಾಗಿ ಊರಿನ ನಲವತ್ತೊಂದು ಕಟ್ಟಳೆಗಳು ನಲವತ್ತೊಂದು ಮನೆಗಳವರ ಬಾಯಲ್ಲಿವೆ, ಮನೆಗೊಂದರಂತೆ. ಬೇಸಿಗೆಯ ಮೊದಲಲ್ಲಿ ಹೊಳೆಯ ನೀರು ಇಳಿದು ನಡುವಿನ ಕರಿಬಂಡೆ ತಲೆ ತೋರಿಸಿದ ದಿನ ಊರೆಲ್ಲ ನ್ಯಾಯದ ಕಟ್ಟೆಯ ಮುಂದೆ ಸೇರುತ್ತದೆ. ಒಂದೊಂದು ಮನೆಯವರೂ ಕಟ್ಟೆ ಹತ್ತಿ ತಮ್ಮ ಕಟ್ಟಳೆಯನ್ನು ಗಟ್ಟಿಯಾಗಿ ಹೇಳುತ್ತಾರೆ. ಹೇಳಿದರೆ ಅದು ಇನ್ನೊಂದು ವರ್ಷ ನಡೆಯುತ್ತದೆ. ಹೇಳುವವರು ತಡವರಿಸಿದರೆ ಕೆಳಗೆ ಕೂತವರು ಒಂದೆರಡು ಪದ ಎತ್ತಿಕೊಡುವುದು ವಾಡಿಕೆ. ಆ ಮನೆಯವರಿಗೆ ಹೇಳಲು ಆಗದಿದ್ದರೆ ಕೇಳಿ ಬಲ್ಲ ಯಾರು ಬೇಕಾದರೂ ಹೇಳಬಹುದು. ಅದಕ್ಕೆ ಒಂದು ಗಳಿಗೆಯ ಹೊತ್ತು. ತಳದಲ್ಲಿ ಸೂಜಿಮೊನೆಯಷ್ಟು ತೂತಿರುವ ತಾಮ್ರದ ಬಟ್ಟಲನ್ನು ಕೊಪ್ಪರಿಗೆಯ ನೀರಿನಲ್ಲಿ ತೇಲಿಬಿಡುತ್ತಾರೆ. ಅದು ತುಂಬಿ ಮುಳುಗುವುದರೊಳಗೆ ಯಾರೂ ಹೇಳದಿದ್ದರೆ ಆ ಕಟ್ಟಳೆ ಅಲ್ಲಿಗೆ ಮುಗಿಯಿತು, ಮತ್ತೆಂದೂ ಹೇಳುವಂತಿಲ್ಲ. ಹಾಗೆ ಒಂದು ಕಟ್ಟಳೆ ಮುಗಿದದ್ದನ್ನು ನಾನು ಕಂಡಿರಲಿಲ್ಲ. ನಮ್ಮಪ್ಪನೂ ಕಂಡಿರಲಿಲ್ಲ.

ನಾನು ನೀಲಗಂಗವ್ವ. ಊರಬಾಗಿಲ ಅಗಸಿಯ ಪಕ್ಕದ ಹಿಟ್ಟಿನ ಗಿರಣಿ ನಮ್ಮದು. ಇಂಜಿನ್ನು ನೋಡಿಕೊಳ್ಳುವುದು ನನ್ನ ಗಂಡ ಶಿವಪುತ್ರ, ಜೋಳ ಸುರಿದು ಹಿಟ್ಟು ತುಂಬುವುದು ನಾನು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಕಟ್ಟಳೆ ನನ್ನ ಪಾಲಿಗೆ ಬಂತು. ಎಂಟು ವರ್ಷ ಕಟ್ಟೆ ಹತ್ತಿ ಹೇಳಿದೆ. ಒಮ್ಮೆಯೂ ತಡವರಿಸಲಿಲ್ಲ. ನನ್ನ ಧ್ವನಿ ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಗಟ್ಟಿಯಾದದ್ದು. ಕೊನೆಯ ಸಾಲಿನವರಿಗೂ ಕೇಳಿಸುತ್ತದೆ ಎಂದು ಜನ ಹೊಗಳುತ್ತಿದ್ದರು, ನಾನು ಹಿಗ್ಗುತ್ತಿದ್ದೆ.

ನಮ್ಮ ಮನೆಯ ಕಟ್ಟಳೆ ಇದು: "ದೂರು ಹೇಳಿದ ಬಾಯಿ ತಾನೇ ಆ ದೂರನ್ನು ನುಂಗುವ ತನಕ ಹಿಡಿದವನಿಗೆ ಹೊರಗಿನ ಬಿಸಿಲಿಲ್ಲ. ಅವನ ಮನೆಯವರ ಹೊರತು ಯಾರೂ ಅವನ ಮಾತು ಕೇಳಕೂಡದು."

ಆ ಹೊತ್ತಿಗೆ ಊರಿನ ಬಂದೀಖಾನೆಯಲ್ಲಿ ಇಬ್ಬರಿದ್ದರು. ಒಬ್ಬ ಯಮನಪ್ಪ. ಪಾಲಿನ ಜಗಳದಲ್ಲಿ ತಮ್ಮನ ಮಗ್ಗಕ್ಕೆ ಬೆಂಕಿ ಇಟ್ಟನೆಂದು ಒಳಗೆ ಹಾಕಿದ್ದರು. ಆ ತಮ್ಮ ಇನ್ನೂ ದೂರನ್ನು ಹಿಂತೆಗೆದುಕೊಂಡಿರಲಿಲ್ಲ. ಇನ್ನೊಬ್ಬ ಅಂಬಿಗರ ದುಂಡಪ್ಪ. ಹದಿನಾಲ್ಕು ವರ್ಷದ ಹಿಂದೆ ಅವನ ದೋಣಿ ಮಗುಚಿ ಮಲಕಾಜಪ್ಪನವರ ಹದಿನೇಳು ವರ್ಷದ ಮಗಳು ಚಂಪಾ ಹೊಳೆಯ ಪಾಲಾಗಿದ್ದಳು. ಮಲಕಾಜಪ್ಪ ಅದೇ ಸಂಜೆ ಕಟ್ಟೆಗೆ ಬಂದು, ದೋಣಿಯವನೇ ನನ್ನ ಮಗಳನ್ನು ಕೊಂದ ಎಂದ. ದುಂಡಪ್ಪನನ್ನು ಒಳಗೆ ಹಾಕಿದರು. ಮೂರನೆಯ ವರ್ಷ ಮಲಕಾಜಪ್ಪ ಎದೆನೋವಿನಿಂದ ಸತ್ತ. ದೂರನ್ನು ನುಂಗಬೇಕಾದ ಬಾಯಿ ಮಣ್ಣಾಯಿತು, ದುಂಡಪ್ಪ ಒಳಗೇ ಉಳಿದ. ಅಪ್ಪ ಆರು ಸಲ ಹೇಳಿದ, ನಾನು ಎಂಟು ಸಲ ಹೇಳಿದೆ. ಹೇಳುವಾಗ ದುಂಡಪ್ಪ ನನ್ನ ನೆನಪಿಗೆ ಬರುತ್ತಿದ್ದನೇ ಎಂದು ಯಾರಾದರೂ ಕೇಳಿದರೆ, ಇಲ್ಲ ಎಂದೇ ಹೇಳಬೇಕು. ಪದ ಜಾರದಿದ್ದರೆ ಸಾಕು ಎನ್ನುವುದೊಂದೇ ನನ್ನ ಚಿಂತೆಯಾಗಿತ್ತು.

ದುಂಡಪ್ಪನ ಹೆಂಡತಿ ಮಾಳವ್ವ ಪ್ರತಿ ಸೋಮವಾರ ನಮ್ಮ ಗಿರಣಿಗೆ ಬರುತ್ತಿದ್ದಳು. ಎರಡು ಗಂಟು ತರುತ್ತಿದ್ದಳು. ಒಂದು ಮನೆಗೆ, ಇನ್ನೊಂದು ಬಂದೀಖಾನೆಗೆ ಒಯ್ಯುವ ರೊಟ್ಟಿಗೆ. ಎರಡನೆಯದನ್ನು ಸಣ್ಣಗೆ ಬೀಸಿಸುವಳು. ಎಂಟು ವರ್ಷ ನನ್ನ ಮುಂದೆ ನಿಂತು ಹಿಟ್ಟು ಕಟ್ಟಿಸಿಕೊಂಡಳೇ ಹೊರತು ಆ ವಿಷಯ ಒಂದು ದಿನವೂ ಎತ್ತಿದವಳಲ್ಲ. ಆ ವರ್ಷ ಹೊಳೆ ಇಳಿಯತೊಡಗಿದ್ದ ಒಂದು ಸೋಮವಾರ, ಗಂಟು ತಲೆಗೇರಿಸಿಕೊಳ್ಳುವ ಮೊದಲು, "ಅಕ್ಕಾರ, ಒಂದ್ ಮಾತ್ ಕೇಳ್ಲ್ಯಾ?" ಅಂದಳು.

ನಾನು, ಬಂತು ಗ್ರಹಚಾರ, ಗಂಡನನ್ನು ಬಿಡಿಸು ಅನ್ನುತ್ತಾಳೆ, ಎಂದುಕೊಂಡೆ. "ಕೇಳು" ಅಂದೆ.

"ಈ ಸಲ ನೀವು ಕಟ್ಟಳಿ ಹೇಳೂವಾಗ ಸ್ವಲ್ಪ ಸಾವಕಾಶ ಹೇಳ್ತೀರೇನು? ಬಂದೀಖಾನ್ಯಾಗ ಇದ್ದವರ ಮನಿಮಂದಿ ಬೇವಿನ ಗಿಡದ ಆಚಿಗೆ ನಿಂದರಬೇಕಲ್ರಿ. ಧ್ವನಿ ಕೇಳತೈತಿ, ಮಾತು ಬಿಡಿಸಿ ಕೇಳೂದಿಲ್ಲ. ಮೊದಲ ನಾ ಲಕ್ಷ್ಯಗೊಟ್ಟು ಕೇಳಿದಾಕಿ ಅಲ್ಲ. ಈಗ ಹದಿನಾಕ ವರ್ಷಾತು, ಅದು ಏನೈತಿ ಅಂತ ಒಮ್ಮಿ ಪೂರ್ತಿ ಕೇಳಬೇಕು ಅನಸ್ತೈತಿ."

ನಾನು ಇಂಜಿನ್ನು ನಿಲ್ಲಿಸುವಂತೆ ಶಿವಪುತ್ರನಿಗೆ ಕೈ ಮಾಡಿದೆ. ಪಟ್ಟಾ ಸುತ್ತುವುದು ನಿಂತು ಗಿರಣಿ ತಣ್ಣಗಾಯಿತು. ಅವಳೊಬ್ಬಳ ಮುಂದೆ ಸಾವಕಾಶವಾಗಿ ಹೇಳಿದೆ. ಮಾಳವ್ವ ತಲೆ ಬಾಗಿಸಿ, ಡಾಕ್ಟರು ಔಷಧಿ ಹೇಳುವಾಗ ಕೇಳುತ್ತಾರಲ್ಲ, ಹಾಗೆ ಕೇಳಿದಳು.

"ಮುಗೀತೇನ್ರಿ?"

"ಮುಗೀತು."

"ಸತ್ತವರು ಹೆಂಗ ನುಂಗಬೇಕು ಅಂತ ಅದರಾಗ ಇಲ್ಲೇನು?"

"ಇಲ್ಲ, ಮಾಳವ್ವ."

"ಇದ್ದಿದ್ದು ನನಗ ಕೇಳಿರಲಿಕ್ಕಿಲ್ಲ ಅಂತ ತಿಳಕೊಂಡಿದ್ದೆ" ಅಂದಳು ಆಕೆ. ಅಳಲಿಲ್ಲ. ಗಂಟು ಎತ್ತಿಕೊಂಡು, "ಇಂಜಿನ್ನ ನಿಂದರಿಸಿದ್ರಿ, ದೊಡ್ಡ ಉಪಕಾರಾತು" ಎಂದು ಹೇಳಿ ಹೋದಳು.

ಆ ವಾರವೆಲ್ಲ ನನಗೆ ಊಟ ಸೇರಲಿಲ್ಲ. ಹದಿನಾಲ್ಕು ವರ್ಷ ಒಬ್ಬ ಹೆಂಗಸು ಕಟ್ಟಳೆಯಲ್ಲಿ ತನಗೆ ಕೇಳಿಸದ ಒಂದು ಸಾಲು ಇದ್ದೀತು ಎಂದು ನಂಬಿಕೊಂಡು ರೊಟ್ಟಿ ಬಡಿದಿದ್ದಳು. ನಾನು ಆ ನಂಬಿಕೆಯನ್ನೂ ಕಿತ್ತು ಕಳಿಸಿದ್ದೆ.

ಕಟ್ಟೆಯ ಹಿರಿಯರು ಅಡಿವೆಪ್ಪ ಕಾಕಾ. ನಮ್ಮಪ್ಪನ ಗೆಳೆಯರು, ಎಂಬತ್ತರ ಹತ್ತಿರದವರು. ಅವರ ಮನೆಗೆ ಹೋದೆ. ಹೊರಸಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಕಾಕಾ, ನಮ್ಮ ಕಟ್ಟಳಿಗೆ ಒಂದು ಮಾತು ಕೂಡಿಸಾಕ ಬರತೈತೇನು? ದೂರು ಹೇಳಿದಾಂವ ಸತ್ರ ಆಂವನ ಮನಿಯವರು ನುಂಗಬಹುದು ಅಂತ."

"ಬರೂದಿಲ್ಲವಾ. ಒಂದ್ ಮಾತು ಹೆಚ್ಚಿಗಿ ಹೇಳಿದ್ರ ಅದು ಕಟ್ಟಳಿ ಅಲ್ಲ, ನೀ ಕಟ್ಟಿದ ಕಥಿ. ಕಟ್ಟಳಿ ಇದ್ದಂಗ ಹೇಳಬೇಕು, ಇಲ್ಲಾ ಬಿಡಬೇಕು."

"ಬಿಟ್ರ?"

ಅವರು ಎಲೆ ಮಡಿಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಬಿಟ್ರ ನಿಮ್ಮ ಮನಿಗೆ ಕಟ್ಟಿ ಮ್ಯಾಲಿನ ಜಾಗ ಹೋಗತೈತಿ. ಏಳು ತಲಿಯಿಂದ ಬಂದ ಜಾಗ. ಹೋಗಲಿ ಅಂತೀ ಅನ್ನು. ಬಟ್ಟಲಾ ಮುಣುಗೂದರಾಗ ಮತ್ತ್ಯಾರರ ಹೇಳ್ತಾರ. ಊರಾಗ ಆ ಕಟ್ಟಳಿ ಬಾಯಿಪಾಠ ಇಲ್ಲದವರು ಯಾರು? ನಿನ್ನ ಜಾಗಾನೂ ಹೋತು, ದುಂಡಪ್ಪನೂ ಒಳಗ ಉಳದ. ಇನ್ನ ಯಾರೂ ಹೇಳ್ಲಿಲ್ಲ ಅಂತ ತಿಳಕೋ. ದುಂಡಪ್ಪನ ಬೆನ್ನಿಗೆ ಯಮನಪ್ಪನೂ ಹೊರಗ ಬರ್ತಾನ. ಆಂವನ ತಮ್ಮನ ಮುಂದ ನಿಂತು ಏನಂತಿ? ಮಲಕಾಜಪ್ಪನ ಹೆಂಡತಿ ಬಸಲಿಂಗವ್ವನ ಮುಂದ ಏನಂತಿ? ಆಕಿ ಮಗಳನ್ನ ಕಳಕೊಂಡಾಕಿ."

ಎದ್ದು ಬಂದೆ.

ಗಿರಣಿಯಲ್ಲಿ ಶಿವಪುತ್ರ ಪಟ್ಟಾಕ್ಕೆ ಮೇಣ ಸವರುತ್ತಿದ್ದ. ಎಲ್ಲ ಹೇಳಿದೆ. ಅವನು ಬಹಳ ಮಾತಿನವನಲ್ಲ. "ಮರತೆ ಅಂತ ಹೇಳಿಬಿಡು" ಅಂದ. "ಮರತಿದ್ದು ತಪ್ಪಲ್ಲ. ಜಾಗಾನೂ ಉಳೀತೈತಿ."

ನನಗೂ ಅದು ಸರಿ ಅನ್ನಿಸಿತು. ಎರಡು ದಿನ ಅದನ್ನೇ ಗಟ್ಟಿ ಮಾಡಿಕೊಂಡೆ. ಮೂರನೆಯ ದಿನ ಹಿಟ್ಟು ಜಾಡಿಸುತ್ತಿದ್ದಾಗ ಹೊಳೆಯಿತು. ಮರೆತವಳಿಗೆ ಊರು ನೆನಪು ಮಾಡಿಕೊಡುತ್ತದೆ. ಅದು ಪ್ರೀತಿಯಿಂದ ಮಾಡುವ ಉಪಕಾರ. ಯಾರೋ ಮೊದಲ ಪದ ಎತ್ತಿಕೊಡುತ್ತಾರೆ, ಇನ್ನೊಬ್ಬರು ಎರಡನೆಯದು, ಕೊನೆಗೆ ಊರೇ ಸೇರಿ ಹೇಳಿ ಮುಗಿಸುತ್ತದೆ, ಯಾರಿಗೂ ತಾವೇನು ಮಾಡಿದೆವೆಂಬುದೇ ಗೊತ್ತಾಗುವುದಿಲ್ಲ. ನಾನು ಎಂಟು ವರ್ಷ ಮಾಡಿದ್ದೂ ಅದನ್ನೇ. ಆದರೆ ನೆನಪಿದ್ದೂ ಹೇಳುವುದಿಲ್ಲ ಎಂದವಳ ಜಾಗದಲ್ಲಿ ನಿಂತು ಹೇಳುವುದು ಬೇರೆ. ಹಾಗೆ ಹೇಳುವವನು ಒಬ್ಬ ಮನುಷ್ಯನನ್ನು ಒಳಗೆ ಇಡುತ್ತಿದ್ದೇನೆ ಎಂದು ತಿಳಿದೇ ಬಾಯಿ ತೆರೆಯಬೇಕು.

ಅದನ್ನು ಶಿವಪುತ್ರನಿಗೆ ಹೇಳಿದೆ. ಅವನು ಮೇಣದ ಕೈ ಒರೆಸಿಕೊಂಡ. "ಹಂಗಾದ್ರ ಮಂದಿ ಜ್ವಾಳ ಆಚಿ ಓಣಿ ಗಿರಣಿಗೆ ಒಯ್ತಾರ. ಒಯ್ಯಲಿ ಬಿಡು. ಈ ಇಂಜಿನ್ನಿಗೂ ಒಂದೀಟು ಸಮಾಧಾನ ಬೇಕಾಗೇತಿ" ಅಂದ. ಅವತ್ತು ನಾನು ಹೊಟ್ಟೆ ತುಂಬ ಉಂಡೆ.

ಕರಿಬಂಡೆ ಕಾಣಿಸಿದ್ದು ಒಂದು ಗುರುವಾರ. ಬೆಳಿಗ್ಗೆಯೇ ಡಂಗುರ ಹೊಡೆದರು. ಮಧ್ಯಾಹ್ನದ ಹೊತ್ತಿಗೆ ಕಟ್ಟೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ಬಸಲಿಂಗವ್ವ ಕೂತಿದ್ದಳು, ಪ್ರತಿ ವರ್ಷದಂತೆ, ಸೆರಗು ಹಣೆಯ ತನಕ ಎಳೆದುಕೊಂಡು. ಯಮನಪ್ಪನ ತಮ್ಮ ಒಂದು ಕಂಬಕ್ಕೆ ಒರಗಿದ್ದ. ಬೇವಿನ ಗಿಡದ ಆಚೆ ಮಾಳವ್ವ ನಿಂತಿದ್ದಳು. ಅವಳಿಗೆ ನಾನು ಏನನ್ನೂ ಹೇಳಿರಲಿಲ್ಲ. ಹೇಳಿ, ಮತ್ತೆ ಇನ್ಯಾರೋ ಕಟ್ಟಳೆ ಹೇಳಿಬಿಟ್ಟರೆ ಅವಳನ್ನು ಎರಡು ಸಲ ಸಾಯಿಸಿದಂತೆ ಎಂದು ಹೆದರಿದ್ದೆ.

ಕುಂಬಾರರ ಮನೆಯವರು ತಮ್ಮದನ್ನು ಹೇಳಿದರು: ಜಗಳಕ್ಕೆ ಬಂದ ಇಬ್ಬರ ಮಾತನ್ನೂ ಕಟ್ಟೆಯ ಮೇಲೆ ಕೂತು ಕೇಳಿಯೇ ಊರು ತೀರ್ಮಾನ ಹೇಳಬೇಕು. ಹೊಲದ ಬದು, ಕೋಳಿ ಕಳವು ಎಲ್ಲ ಆ ಕಟ್ಟಳೆಯ ಮೇಲೇ ನಡೆಯುವುದು. ನೇಕಾರರು ಹೇಳಿದರು, ಬಡಿಗೇರರು ಹೇಳಿದರು. ಅಡಿವೆಪ್ಪ ಕಾಕಾ, "ಗಿರಣಿಯವರ ಮನಿ" ಎಂದು ಕೂಗಿದರು.

ಮೆಟ್ಟಿಲು ಹತ್ತಿದೆ. ಮೇಲೆ ನಿಂತು ಬಾಯಿ ತೆರೆದೆ. ಧ್ವನಿ ಹೊರಡಲಿಲ್ಲ. ಮೊದಲ ಸಾಲಿನ ಒಬ್ಬ ಮುದುಕಪ್ಪ ಪಾಪ, ನಾನು ತಡವರಿಸಿದೆ ಎಂದು ತಿಳಿದು, "ದೂರು ಹೇಳಿದ ಬಾಯಿ..." ಎಂದು ಎತ್ತಿಕೊಟ್ಟ.

"ನನಗ ನೆನಪೈತಿ, ಯಪ್ಪಾ" ಅಂದೆ. ಧ್ವನಿ ಬಂದೇಬಿಟ್ಟಿತು. "ಒಂದಕ್ಷರ ಮರತಿಲ್ಲ. ಆದ್ರ ನಾ ಹೇಳೂದಿಲ್ಲ."

ಜನ ಒಬ್ಬರ ಮುಖ ಒಬ್ಬರು ನೋಡಿದರು.

"ದೂರು ಹೇಳಿದವರು ಸತ್ತು ಹನ್ನೊಂದು ವರ್ಷಾತು. ದುಂಡಪ್ಪ ತಪ್ಪು ಮಾಡ್ಯಾನೋ ಇಲ್ಲೋ ಅಂತ ಯಾರರ ಆಂವನ್ನ ಕೇಳೀರೇನು? ನಾನೂ ಕೇಳಿಲ್ಲ. ಕೇಳಬಾರದು ಅಂತ ನಾನ ಎಂಟ ವರ್ಷ ಈ ಕಟ್ಟಿ ಮ್ಯಾಲೆ ನಿಂತು ಒದರೀನಿ. ಯಮನಪ್ಪನ್ನೂ ಬಿಡ್ರಿ ಅನ್ನಾಕತ್ತಿಲ್ಲ. ಕೂಡಿಸಿಕೊಂಡು ಕೇಳ್ರಿ ಅಂತೀನಿ. ತಪ್ಪಿದ್ರ ಇಷ್ಟು ವರ್ಷ ಅಂತ ಹೇಳ್ರಿ. ಈ ಕಟ್ಟಳಿ ಬೇಕು ಅನ್ನವರು ಮ್ಯಾಲೆ ಬಂದು ಹೇಳಬಹುದು. ಎಲ್ಲಾರಿಗೂ ಬರತೈತಿ."

ಅಷ್ಟು ಹೇಳಿ ಒಂದು ಮೂಲೆಗೆ ಸರಿದು ನಿಂತೆ. ಅಡಿವೆಪ್ಪ ಕಾಕಾ ನನ್ನ ಕಡೆ ನೋಡಲಿಲ್ಲ. ಬಗ್ಗಿ, ಎರಡು ಕೈಯಲ್ಲಿ ಬಟ್ಟಲನ್ನು ಹಿಡಿದು, ಕೊಪ್ಪರಿಗೆಯ ನೀರಿನ ಮೇಲೆ ಬಿಟ್ಟರು.

ಬಟ್ಟಲು ತುಂಬುವುದನ್ನು ಅಷ್ಟು ಹತ್ತಿರದಿಂದ ನಾನು ಹಿಂದೆ ನೋಡಿರಲಿಲ್ಲ. ತಳದಲ್ಲಿ ಒಂದು ಕಾಳಿನಷ್ಟು ನೀರು ಏಳುತ್ತದೆ, ಬಹಳ ಹೊತ್ತು ಅಷ್ಟೇ ಇದ್ದಂತೆ ಕಾಣುತ್ತದೆ. ಕೆಳಗೆ ಗುಜುಗುಜು ಶುರುವಾಯಿತು. "ಇದೇನ ಹೊಸಾ ಪದ್ಧತಿ" ಎಂದು ಒಬ್ಬ, "ನಾಳೆ ಉಳಿದವರೂ ಹೇಳೂದಿಲ್ಲ ಅಂತಾರ" ಎಂದು ಇನ್ನೊಬ್ಬ. ಆದರೆ ಎದ್ದು ಮೆಟ್ಟಿಲ ಕಡೆ ಬಂದವರಿಲ್ಲ. ನಾನು ಯಮನಪ್ಪನ ತಮ್ಮನನ್ನೇ ನೋಡುತ್ತಿದ್ದೆ. ಅವನ ತುಟಿ ಅಲುಗುತ್ತಿತ್ತು. ಅವನು ಒಮ್ಮೆ ಕಂಬ ಬಿಟ್ಟು ನೆಟ್ಟಗೆ ನಿಂತ. ಅವನು ಸುತ್ತಲೂ ನೋಡಿ ಮತ್ತೆ ಕಂಬಕ್ಕೆ ಒರಗಿ ನೆಲ ನೋಡತೊಡಗಿದ.

ಬಟ್ಟಲು ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಆಗ ಬಸಲಿಂಗವ್ವ ಎದ್ದಳು.

ಜನ ದಾರಿ ಬಿಟ್ಟರು. ಅವಳು ಒಂದೊಂದೇ ಮೆಟ್ಟಿಲು, ಮೊಣಕಾಲಿಗೆ ಕೈ ಊರಿ ಹತ್ತಿದಳು. ನನ್ನ ಪಕ್ಕದಲ್ಲೇ ಬಂದು ನಿಂತಳು. ಊರಿನಲ್ಲಿ ಆ ಕಟ್ಟಳೆಯನ್ನು ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಅವಳಿಗೇ. ನಾನು ಅವಳ ಮುಖ ನೋಡಲಾರದೆ ಬಟ್ಟಲ ಕಡೆ ತಿರುಗಿದೆ.

"ದೂರು ಹೇಳಿದ ಬಾಯಿ" ಎಂದು ಅವಳು ಶುರು ಮಾಡಿದಳು. ಬೇವಿನ ಗಿಡದ ಆಚೆ ಮಾಳವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡದ್ದು ಕಂಡಿತು.

"ದೂರು ಹೇಳಿದ ಬಾಯಿ ನನ್ನ ಗಂಡಂದು" ಅಂದಳು ಬಸಲಿಂಗವ್ವ. "ನನ್ನ ಬಾಯಿ ಅಲ್ಲ. ನನ್ನ ಯಾರೂ ಏನೂ ಕೇಳಲಿಲ್ಲ. ಅವತ್ತ ನಮ್ಮವರು ದಂಡಿ ಮ್ಯಾಲೆ ಇದ್ರು, ನಾ ಮನ್ಯಾಗ ಇದ್ದೆ. ನನ್ನ ಮಗಳು ಹೆಂಗ ಹೋದ್ಲು, ಕಡೀಕ ಏನಂದ್ಲು ಅಂತ ಗೊತ್ತಿರೂದು ಆ ದೋಣಿಯಾಂವ ಒಬ್ಬನಿಗೆ. ದೋಣ್ಯಾಗಿನ ಉಳದವರು ಸಂತಿಗೆ ಬಂದ ಪರಊರ ಮಂದಿ. ಆಂವನ್ನ ಕೇಳಬೇಕಂದ್ರ ಮನಿಯವರ ಹೊರತು ಯಾರೂ ಕೇಳಬಾರದಂತ. ಹದಿನಾಕ ವರ್ಷ ಈ ಮುಂದಿನ ಸಾಲಿನ್ಯಾಗ ಕುಂತು ಇದನ್ನ ಕೇಳೀನಿ. ಈ ಕಟ್ಟಳಿ ಆಂವನ್ನ ಒಳಗ ಇಟ್ಟೈತೋ ನನ್ನ ಹೊರಗ ಇಟ್ಟೈತೋ ನನಗ ತಿಳೀವಲ್ದು."

ಅವಳಿಗೆ ಉಸಿರು ಸಾಲಲಿಲ್ಲ. ಸ್ವಲ್ಪ ತಡೆದು, "ನಾನೂ ಹೇಳೂದಿಲ್ಲ" ಅಂದಳು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಾನೂ ಅವಳ ಪಕ್ಕ ಕೂತೆ. ಊರಿಗೆ ಊರೇ ಒಂದು ತಾಮ್ರದ ಬಟ್ಟಲನ್ನು ನೋಡುತ್ತ ನಿಂತಿತ್ತು. ಅದರ ಅಂಚು ನೀರಿಗೆ ತಾಗಿತು, ಒಮ್ಮೆ ಓಲಿತು, ಬುಳುಕ್ ಎಂದು ಒಳಗೆ ಹೋಯಿತು.

ಅಡಿವೆಪ್ಪ ಕಾಕಾ ನೀರಿನಲ್ಲಿ ಕೈಯಿಟ್ಟು ಬಟ್ಟಲನ್ನು ಎತ್ತಿದರು. "ಗಿರಣಿಯವರ ಕಟ್ಟಳಿ ಹೋತು" ಅಂದರು. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಹೊತ್ತ ಮೂಟೆ ಇಳಿಸಿದ ಹಮಾಲ ಬೆನ್ನು ನೆಟ್ಟಗೆ ಮಾಡುತ್ತಾನಲ್ಲ, ಹಾಗೆ ಅವರು ಬೆನ್ನು ನೆಟ್ಟಗೆ ಮಾಡಿಕೊಂಡರು. ಆಮೇಲೆ ಮುಂದಿನ ಮನೆಯ ಹೆಸರು ಕೂಗಿದರು. ಉಳಿದ ಕಟ್ಟಳೆಗಳನ್ನೆಲ್ಲ ಆಯಾ ಮನೆಯವರು ಹೇಳಿದರು. ಒಬ್ಬರೂ ಬಿಡಲಿಲ್ಲ.

ಅದೇ ಸಂಜೆ ಬಂದೀಖಾನೆಯ ಬೀಗ ತೆಗೆದರು. ದುಂಡಪ್ಪ ಹೊರಗೆ ಬಂದಾಗ ಬಿಸಿಲು ಇಳಿಮುಖವಾಗಿತ್ತು, ಆದರೂ ಅವನು ಕಣ್ಣಿಗೆ ಕೈ ಅಡ್ಡ ಹಿಡಿದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಮಾಳವ್ವ ಅವನ ಹತ್ತಿರ ಹೋಗಿ ಏನನ್ನೂ ಹೇಳದೆ ಅವನ ಅಂಗಿಯ ಗುಂಡಿ ಸರಿಯಾಗಿ ಹಾಕಿದಳು. ಕೆಳಗಿನದು ಮೇಲಿನ ಕಾಜಿಗೆ ಹೋಗಿತ್ತು. ಯಮನಪ್ಪನನ್ನು, ವಿಚಾರಣೆ ಆಗುವ ತನಕ ಎಂದು, ಅಡಿವೆಪ್ಪ ಕಾಕಾ ತಮ್ಮ ಮನೆಯ ಅಂಗಳಕ್ಕೆ ಕರೆದೊಯ್ದರು.

ಕುಂಬಾರರ ಕಟ್ಟಳೆಯಂತೆ ಆ ವಾರವೇ ಕಟ್ಟೆಯ ಮೇಲೆ ಕೂತು ಕೇಳಿದರು. ಮೊದಲು ಯಮನಪ್ಪ. ಅಣ್ಣತಮ್ಮ ಇಬ್ಬರೂ ಎದುರುಬದುರು ಕೂತು ಎರಡು ದಿನ ಮಾತಾಡಿದರು, ಬೈದಾಡಿದರು. ಬೆಂಕಿ ಇಟ್ಟದ್ದು ನಿಜ ಎಂದು ಯಮನಪ್ಪನೇ ಒಪ್ಪಿಕೊಂಡ. ಇನ್ನೂ ಎರಡು ವರ್ಷ ಒಳಗಿರಬೇಕು, ಅಲ್ಲಿ ತಮ್ಮನಿಗೆ ಹೊಸ ಮಗ್ಗ ಕಟ್ಟಿಕೊಡಬೇಕು ಎಂದು ತೀರ್ಮಾನವಾಯಿತು. "ಎರಡು ವರ್ಷ ಅಂದ್ರ ಯಾವಾಗ್ರಿ? ತಿಂಗಳಾ ಹೇಳ್ರಿ" ಎಂದು ಅವನು ಕೇಳಿದ. ತಿಂಗಳು, ದಿನ ಎರಡನ್ನೂ ಹೇಳಿದರು. ಅವನು ಅದನ್ನು ಬಾಯಲ್ಲಿ ಹೇಳಿಕೊಳ್ಳುತ್ತ, ಹಬ್ಬಕ್ಕೆ ಹೊರಟವನಂತೆ ಬಂದೀಖಾನೆಯ ಕಡೆ ನಡೆದ. ಅವನು ಸೇರಿದ್ದ ದಿನದಿಂದ ಅವನಿಗೊಂದು ಕೊನೆಯ ದಿನ ಅಂತ ಇರಲೇ ಇಲ್ಲ.

ದುಂಡಪ್ಪನ ಸರದಿ ಬಂದಾಗ ಬಸಲಿಂಗವ್ವ ಅವನ ಎದುರು ಕೂತಳು. ಅವನು ಕೈಮುಗಿದು ಶುರು ಮಾಡಿದ. "ನನ್ನ ದೋಣಿಗೆ ಹನ್ನೆರಡು ಮಂದಿ ಸಾಕು, ಅವ್ವಾರ. ಅವತ್ತ ಹದಿನೇಳು ಮಂದಿ ಹತ್ತಿದ್ರು. ಸಂತಿ ದಿನ, ಎಲ್ಲಾರಿಗೂ ಅವಸರ. ನಾ ಬ್ಯಾಡ ಅನ್ನಬೇಕಿತ್ತು, ಅನ್ನಲಿಲ್ಲ. ಅದು ನನ್ನ ತಪ್ಪು. ನೀರಾಗ ಬಿದ್ದವರನ್ನ ಒಬ್ಬೊಬ್ಬರನ್ನ ದಂಡಿಗೆ ಎಳೆದೆ. ಆರು ಮಂದಿ ಆದ ಮ್ಯಾಲೆ ಚಂಪವ್ವನ ಕೈ ಸಿಕ್ಕಿತ್ತು. ಜಾರಿಹೋತು. ಮತ್ತ ಸಿಗಲಿಲ್ಲ."

ಬಸಲಿಂಗವ್ವ ಕೇಳಿದ್ದು ಒಂದೇ ಮಾತು. "ಹೆದರಿದ್ಲೇನು?"

ಅವನು ಯೋಚಿಸಿದ. ಅವಳಿಗೆ ಹಿತವಾಗಲಿ ಎಂದು ಕೂಡಲೇ ಉತ್ತರ ಕೊಡಲಿಲ್ಲ, ಅದು ನನಗೆ ಇಷ್ಟವಾಯಿತು. "ದೋಣಿ ಮಗಚೂ ತನಕಾ ಪಕ್ಕದಾಕಿ ಜೋಡಿ ಬಳಿ ವಿಷಯ ಮಾತಾಡಕೋತ ನಗಾಕತ್ತಿದ್ಲು. ನೀರಾಗ ಕೈ ಹಿಡದಾಗ ಗಟ್ಟಿ ಹಿಡದಿದ್ಲು. ಹೆದರಿರಬೇಕು, ಅವ್ವಾರ. ಸ್ವಲ್ಪ ಹೊತ್ತು. ಭಾಳ ಹೊತ್ತಲ್ಲ."

ಬಸಲಿಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಯಾರೂ ತಡೆಯಲಿಲ್ಲ. ಬಹಳ ಹೊತ್ತಿನ ಮೇಲೆ ಸೆರಗು ತೆಗೆದು, "ಬಳಿ ವಿಷಯ" ಎಂದು ತನ್ನಷ್ಟಕ್ಕೆ ಅಂದುಕೊಂಡಳು. "ಹಸರ ಬಳಿ ಬೇಕಂತ ಎಂಟ ದಿನದಿಂದ ಗಂಟು ಬಿದ್ದಿದ್ಲು."

ದುಂಡಪ್ಪನ ತಪ್ಪಿಗೆ ಐದು ವರ್ಷ ಆಗಬೇಕಿತ್ತು ಎಂದು ಕಟ್ಟೆಯವರು ತೀರ್ಮಾನಿಸಿದರು. ಉಳಿದ ಒಂಬತ್ತು ವರ್ಷಕ್ಕೆ ಏನು ಹೇಳಬೇಕೆಂದು ಅಡಿವೆಪ್ಪ ಕಾಕಾರಿಗೂ ತಿಳಿಯಲಿಲ್ಲ. ಎಲ್ಲರೂ ಏಳುತ್ತಿದ್ದಾಗ ನಾನು ದುಂಡಪ್ಪನ ಮುಂದೆ ಹೋಗಿ ನಿಂತೆ. "ಆ ಒಂಬತ್ತರಾಗ ಎಂಟು ನಾ ಹೇಳಿದ್ದು, ಅಣ್ಣಾ. ಒಂದು ನಮ್ಮಪ್ಪಂದು" ಅಂದೆ.

ಅವನು ನನ್ನನ್ನು ನೋಡಿದ. "ನಿಮ್ಮ ಧ್ವನಿ ಬಂದೀಖಾನಿ ತನಕಾ ಕೇಳತಿತ್ತು, ಅಕ್ಕಾರ. ಈ ಸಲ ಕಿಂಡಿಗೆ ಕಿವಿ ಕೊಟ್ಟು ಕುಂತಿದ್ದೆ. ಯಾವಾಗಿನ ಧಾಟಿ ಇರಲಿಲ್ಲ, ಬ್ಯಾರೆ ಏನೋ ಕೇಳಿಸ್ತು. ಜಡ್ಡ ಗಿಡ್ಡ ಬಂದೈತೇನೋ ಅಂತ ಅಂಜಿದ್ದೆ" ಅಂದ. ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಆದರೆ ಅಷ್ಟು ವರ್ಷದಲ್ಲಿ ಅವನೊಂದಿಗೆ ನಾನಾಡಿದ ಮೊದಲ ಮಾತು ಅದು. ಅಂದುಬಿಟ್ಟಾಗ ಎದೆಯ ಮೇಲಿನ ಕಲ್ಲು ಸರಿಯಿತು.

ಬಸಲಿಂಗವ್ವ ಇನ್ನೂ ಹೋಗಿರಲಿಲ್ಲ. "ಆ ಜಾಗಾ ತೋರಸ್ತೀಯೇನಪಾ" ಎಂದು ದುಂಡಪ್ಪನನ್ನು ಕೇಳಿದಳು. ಅವನು ಬೆದರಿದಂತೆ, "ನಾ ಇನ್ನ ದೋಣಿ ಮುಟ್ಟಿಲ್ಲ, ಅವ್ವಾರ" ಅಂದ.

"ದೋಣಿ ಬ್ಯಾಡ. ದಂಡಿ ಮ್ಯಾಲಿಂದ ತೋರಸು, ಸಾಕು."

ದುಂಡಪ್ಪ, ಮಾಳವ್ವ, ಬಸಲಿಂಗವ್ವ, ಅವಳ ಕೈ ಹಿಡಿದು ನಾನು, ನಾಲ್ವರೂ ಹೊಳೆಗೆ ಇಳಿದೆವು. ಅವಳು ಹದಿನಾಲ್ಕು ವರ್ಷ ಆ ದಾರಿ ತುಳಿದಿರಲಿಲ್ಲ. ದುಂಡಪ್ಪ ದಂಡೆಯ ಮೇಲೆ ನಿಂತು ನಿಧಾನವಾಗಿ ಕೈ ಚಾಚಿ ತೋರಿಸಿದ. ಬೇಸಿಗೆಯ ನೀರು ಅಲ್ಲಿ ಮೊಣಕಾಲಿನಷ್ಟೂ ಇರಲಿಲ್ಲ, ಎರಡು ಎಮ್ಮೆ ಮಲಗಿದ್ದವು. "ಮಳಿಗಾಲದಾಗ ಎರಡಾಳ ನೀರು ಇರತೈತ್ರಿ" ಎಂದು ಅವನು ತಪ್ಪೊಪ್ಪಿಕೊಳ್ಳುವವನಂತೆ ಹೇಳಿದ. ಬಸಲಿಂಗವ್ವ ಬಹಳ ಹೊತ್ತು ನೋಡಿದಳು. ನೀರಿನ ಅಂಚಿಗೆ ಹೋಗಿ ಬಗ್ಗಿ ಮುಖ ತೊಳೆದುಕೊಂಡಳು, ಕತ್ತಿಗೂ ನೀರು ಸವರಿಕೊಂಡಳು. ಮೇಲೆ ಬಂದು, ಸೆರಗಿನಿಂದ ಒರೆಸಿಕೊಳ್ಳುತ್ತ, ತನಗೇ ಸೋಜಿಗವಾದಂತೆ, "ನನಗ ಹಸಿವ್ಯಾಗೈತಿ" ಅಂದಳು.

ಮಾಳವ್ವ ಮೆಲ್ಲಗೆ, "ನಮ್ಮ ಮನಿ ಇಲ್ಲೇ ಐತಿ, ಅವ್ವಾರ. ಮುಂಜಾನಿ ರೊಟ್ಟಿ ಅದಾವ. ನಿಮಗ ನಡೀತಿದ್ರ..." ಅಂದಳು.

"ನಡೀ ಮತ್ತ" ಅಂದಳು ಬಸಲಿಂಗವ್ವ.

ಅಂಬಿಗರ ಓಣಿಯ ಆ ಸಣ್ಣ ಮನೆಯ ಪಡಸಾಲೆಯಲ್ಲಿ ನಾವೆಲ್ಲ ಸಾಲಾಗಿ ಕೂತೆವು. ದುಂಡಪ್ಪ ಎಲ್ಲರಿಗೂ ನೀರು ತಂದಿಟ್ಟ. ಮಾಳವ್ವ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ ಜಜ್ಜಿ ಬಡಿಸಿದಳು. ಬಸಲಿಂಗವ್ವ ಒಂದು ರೊಟ್ಟಿ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದಳು. ಅರ್ಧ ತಿಂದು, ನಾಲಿಗೆಯಲ್ಲಿ ರುಚಿ ನೋಡಿ, "ಚಟ್ನಿಗೆ ಉಪ್ಪು ಸಾಲದು, ಮಾಳವ್ವ" ಅಂದಳು. ಮಾಳವ್ವ ನಗುತ್ತ ಉಪ್ಪಿನ ಗಡಿಗೆ ತರಲು ಎದ್ದಳು.